ಜಾಲಪತ್ರಿಕೆಯ ಹೊಸ ವಿನ್ಯಾಸ: ಓದುಗರ ದೂರುಗಳನ್ನು ಹೇಗೆ ಆಲಿಸಬೇಕು?

ಪ್ರಶ್ನೆ (ಮಂಡ್ಯದಿಂದ): ಕಥೆ, ಕವಿತೆ ಮತ್ತು ಕೃಷಿ ಲೇಖನಗಳನ್ನು ಪ್ರಕಟಿಸುವ ನಮ್ಮ ಚಿಕ್ಕ ಜಾಲಪತ್ರಿಕೆಗೆ ಯುಗಾದಿಯ ಹೊತ್ತಿಗೆ ಹೊಸ ಥೀಮ್ (ಪುಟಗಳ ಸಿದ್ಧ ವಿನ್ಯಾಸ) ಅಳವಡಿಸಿದೆವು. ತಿಳಿಬೂದು ಅಕ್ಷರಗಳು, ಅಗಲವಾದ ಬಿಳಿ ಅಂಚು, ಪುಟದ ಮೇಲ್ಭಾಗದಲ್ಲಿ ದೊಡ್ಡ ಚಿತ್ರ ಮತ್ತು ರಾತ್ರಿ ಓದುವವರಿಗಾಗಿ ಕಪ್ಪು ಹಿನ್ನೆಲೆ ಅದರಲ್ಲಿವೆ. ಕಿರಿಯರು ಮೆಚ್ಚಿದ್ದಾರೆ. ಹಳೆಯ ಓದುಗರಲ್ಲಿ ಹಲವರು ‘ಮೊದಲಿನದೇ ಚೆನ್ನಾಗಿತ್ತು’ ಎಂದು ಬರೆಯುತ್ತಿದ್ದಾರೆ. ಮತ ಹಾಕಿಸಿ ತೀರ್ಮಾನಿಸಬೇಕೇ, ಹಳೆಯದಕ್ಕೇ ಮರಳಬೇಕೇ? ಇಂತಹ ಬದಲಾವಣೆ ಮಾಡಿದವರು ದಯವಿಟ್ಟು ಅನುಭವ ಹಂಚಿಕೊಳ್ಳಿ.

ಉತ್ತರ (ಮೈಸೂರಿನಿಂದ, ಒಂದು ಓದುಗ ಬಳಗದ ಜಾಲತಾಣವನ್ನು ನೋಡಿಕೊಳ್ಳುವವರು):

ಮಾನ್ಯರೇ, ಮತ ಹಾಕಿಸಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೊಸ ವಿನ್ಯಾಸದಲ್ಲಿ ಓದಲು ಸಾಧ್ಯವಾದವರಷ್ಟೇ ಮತ ಹಾಕುವ ಪುಟದವರೆಗೆ ಬರುತ್ತಾರೆ; ಓದಲಾಗದೆ ಹಿಂದಿರುಗಿದವರು ಆ ಎಣಿಕೆಯಲ್ಲಿ ಸೇರುವುದೇ ಇಲ್ಲ. ‘ಚೆನ್ನಾಗಿಲ್ಲ’ ಎಂದವರಿಗೆ ಮರಳಿ ಬರೆದು, ಯಾವ ಫೋನು ಅಥವಾ ಕಂಪ್ಯೂಟರ್, ಯಾವ ಪುಟ, ಆಗ ಏನನ್ನು ಹುಡುಕುತ್ತಿದ್ದಿರಿ ಎಂದು ವಿಚಾರಿಸಿ, ಸಾಧ್ಯವಾದರೆ ಒಂದು ಸ್ಕ್ರೀನ್‌ಶಾಟ್ ಕಳುಹಿಸಲು ಕೋರಿ. ನಮ್ಮ ಬಳಗದ ಸಭೆಗಳಲ್ಲಿ ಓದುಗರ ಕೈಗೆ ಅವರದೇ ಫೋನು ಕೊಟ್ಟು, ಹಳೆಯದೊಂದು ಪ್ರಬಂಧವನ್ನು ಹುಡುಕಿ ಓದಿರೆಂದು ಕೇಳಿಕೊಂಡು, ನಾವು ಪಕ್ಕದಲ್ಲಿ ಸುಮ್ಮನೆ ಕುಳಿತೆವು. ಬಣ್ಣ ಹಿಡಿಸಲಿಲ್ಲ ಎಂದು ಹೇಳುತ್ತಿದ್ದ ನಿವೃತ್ತ ಮೇಷ್ಟರೊಬ್ಬರು ಎರಡು ಬೆರಳುಗಳಿಂದ ಪುಟವನ್ನು ಹಿಗ್ಗಿಸಲು ಮತ್ತೆ ಮತ್ತೆ ಯತ್ನಿಸುತ್ತಿದ್ದರು. ಹೊಸ ಥೀಮು ಪುಟ ಹಿಗ್ಗದಂತೆ ತಡೆದಿತ್ತು. ಅವರ ತೊಂದರೆ ಬಣ್ಣದ್ದಾಗಿರಲಿಲ್ಲ. ಹೇಳಿದ ದೂರಿನ ಹಿಂದೆ ಹೇಳದ ದೂರೊಂದು ಇರುತ್ತದೆಂದು ತಿಳಿದೇ ಕೇಳಬೇಕು.

ಎಲ್ಲಕ್ಕಿಂತ ಮೊದಲು ಅಕ್ಷರಗಳನ್ನು ನೋಡಿ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಥೀಮುಗಳು ಇಂಗ್ಲಿಷ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದವು. ಒತ್ತಕ್ಷರಗಳು ಕೆಳಗಿಳಿಯುವ, ಗುಡಿಸು ಮೇಲೇರುವ ನಮ್ಮ ಲಿಪಿಗೆ ಆ ಸಾಲಿನ ಅಂತರ ಸಾಲುವುದಿಲ್ಲ. ಪರೀಕ್ಷೆಗೆ ನಿಮ್ಮ ಜಿಲ್ಲೆಯ ತಾಲ್ಲೂಕುಗಳ ಹೆಸರುಗಳೇ ಸಾಕು: ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಮದ್ದೂರು, ಮಳವಳ್ಳಿ. ಇವನ್ನು ಶೀರ್ಷಿಕೆಯಲ್ಲಿ, ಗುಂಡಿಗಳ ಮೇಲೆ, ಮುಖಪುಟದ ಚೌಕಗಳಲ್ಲಿ ಇಟ್ಟು ನೋಡಿ. ಚೌಕದ ಎತ್ತರವನ್ನು ನಿಗದಿಗೊಳಿಸಿರುವ ಕಡೆ ‘ಟ್ಟ’ದ ಕೆಳಭಾಗ ಕತ್ತರಿಸಿಹೋಗಿರುವುದು ಕಣ್ಣಿಗೆ ಬೀಳುತ್ತದೆ. ಜಾಲತಾಣಗಳು ಎಲ್ಲರಿಗೂ ಎಟುಕುವಂತಿರಲು ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಸಿದ್ಧಪಡಿಸಿರುವ ಮಾರ್ಗಸೂಚಿಯ 2018ರ ಆವೃತ್ತಿಯು, ಓದುಗರು ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.5 ಪಟ್ಟು ಮಾಡಿಕೊಂಡರೂ ಪಠ್ಯದ ಯಾವ ಭಾಗವೂ ಮರೆಯಾಗಬಾರದು ಎನ್ನುತ್ತದೆ. ಕನ್ನಡದ ದೀರ್ಘ ಲೇಖನಗಳಿಗೆ ಮೊದಲಿನಿಂದಲೇ 1.7ರಷ್ಟು ಇಟ್ಟರೆ ಕಣ್ಣಿಗೆ ಹಿತ ಎಂಬುದು ನನ್ನ ಅನುಭವ. ಇಂಗ್ಲಿಷ್ ಶೀರ್ಷಿಕೆಗಳ ಅಂದಕ್ಕಾಗಿ ಅಕ್ಷರಗಳ ನಡುವೆ ಕೊಟ್ಟಿರುವ ಹೆಚ್ಚುವರಿ ಅಂತರವನ್ನು ತೆಗೆದುಹಾಕಿ. ಓರೆ ಅಕ್ಷರಗಳನ್ನೂ ಬಿಡಿ. ಕನ್ನಡ ಫಾಂಟುಗಳಲ್ಲಿ ಹೆಚ್ಚಿನವಕ್ಕೆ ಓರೆ ರೂಪವೇ ಇಲ್ಲದಿರುವುದರಿಂದ ಬ್ರೌಸರು ನೆಟ್ಟಗಿರುವ ಅಕ್ಷರವನ್ನೇ ವಾಲಿಸಿ ತೋರಿಸುತ್ತದೆ.

ಥೀಮಿನಲ್ಲಿರುವ ಫಾಂಟು ಕನ್ನಡವನ್ನು ಒಳಗೊಂಡಿರದಿದ್ದರೆ ಪ್ರತಿಯೊಂದು ಸಾಧನವೂ ತನ್ನಲ್ಲಿರುವ ಫಾಂಟನ್ನು ಎಳೆದುಕೊಳ್ಳುತ್ತದೆ: ಹಳೆಯ ವಿಂಡೋಸ್‌ನಲ್ಲಿ ತುಂಗಾ, ಹೊಸದರಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ನೋಟೋ ಸ್ಯಾನ್ಸ್ ಕನ್ನಡ. ಹೀಗಾಗಿ ಒಂದೇ ಪುಟವನ್ನು ಒಬ್ಬರು ಹೊಗಳಿ ಇನ್ನೊಬ್ಬರು ತೆಗಳಿದಾಗ, ಅವರಿಬ್ಬರೂ ನೋಡಿರುವುದು ಬೇರೆ ಬೇರೆ ಪುಟಗಳನ್ನೇ ಆಗಿರಬಹುದು. ನೋಟೋ ಸೆರಿಫ್ ಕನ್ನಡದಂತಹ ಮುಕ್ತ ಪರವಾನಗಿಯ ಫಾಂಟನ್ನು ಜಾಲತಾಣದ ಜೊತೆಗೇ ಒದಗಿಸಿದರೆ ಈ ಗೊಂದಲ ತಪ್ಪುತ್ತದೆ.

ತಿಳಿಬೂದು ಅಕ್ಷರಗಳ ವಿಚಾರದಲ್ಲಿ ಹಿರಿಯರ ಮಾತೇ ಸರಿ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಹೊಳಪಿನ ವ್ಯತ್ಯಾಸವಿರಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ವಿನ್ಯಾಸಕಾರರು ಬಹಳ ಮೆಚ್ಚುವ 999999 ಸಂಕೇತದ ಬೂದು ಬಣ್ಣ ಬಿಳಿಯ ಮೇಲೆ 3:1ನ್ನೂ ಮುಟ್ಟುವುದಿಲ್ಲ. 777777 ಕೂಡ 4.48ಕ್ಕೆ ನಿಲ್ಲುತ್ತದೆ. ನಿಮ್ಮ ಕೃಷಿ ಲೇಖನಗಳನ್ನು ಗದ್ದೆಯ ಬದುವಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಫೋನು ಹಿಡಿದು ಓದುವ ರೈತರೂ ಇರುತ್ತಾರೆ. ಅವರಿಗೆ ಆ ಬೂದು ಅಕ್ಷರ ಕಾಣಿಸುವುದೇ ಇಲ್ಲ. ಇದು ಅಭಿರುಚಿಯ ಪ್ರಶ್ನೆಯಲ್ಲ, ಇಂದೇ ಬದಲಾಯಿಸಿ.

ಅಗಲವಾದ ಅಂಚಿನ ಬಗ್ಗೆ ಮಾತ್ರ ನಾನು ನಿಮ್ಮ ಹೊಸ ವಿನ್ಯಾಸದ ಪರ. ಸಾಲು ತೀರ ಉದ್ದವಾದರೆ ಮುಂದಿನ ಸಾಲಿನ ಆರಂಭವನ್ನು ಕಣ್ಣು ತಡಕಾಡಬೇಕಾಗುತ್ತದೆ. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ತನ್ನ ರೂಪವನ್ನು ಬದಲಿಸಿ ಸಾಲಿನ ಅಗಲವನ್ನು ಕುಗ್ಗಿಸಿದಾಗ, ಪರದೆಯ ಇಕ್ಕೆಲಗಳಲ್ಲಿ ಜಾಗ ವ್ಯರ್ಥವಾಗಿದೆ ಎಂಬ ಆಕ್ಷೇಪ ಜೋರಾಗಿಯೇ ಕೇಳಿಬಂತು. ಅವರು ಹೊಸ ರೂಪವನ್ನು ಕೈಬಿಡಲಿಲ್ಲ. ಪೂರ್ಣ ಅಗಲಕ್ಕೆ ಹಿಗ್ಗಿಸಿಕೊಳ್ಳಲು ಒಂದು ಗುಂಡಿಯನ್ನು ಒದಗಿಸಿದರು, ಖಾತೆ ಇರುವವರಿಗೆ ಹಳೆಯ ರೂಪವನ್ನೂ ಉಳಿಸಿಕೊಟ್ಟರು. ನೀವೂ ಇದೇ ದಾರಿ ಹಿಡಿಯಬಹುದು.

ಕಪ್ಪು ಹಿನ್ನೆಲೆಯನ್ನು ಇಟ್ಟುಕೊಳ್ಳಿ, ಆದರೆ ಅದು ಓದುಗರ ಫೋನಿನ ಸೆಟ್ಟಿಂಗನ್ನು ಅನುಸರಿಸಲಿ ಮತ್ತು ಬದಲಿಸುವ ಗುಂಡಿ ಕಣ್ಣಿಗೆ ಕಾಣುವಲ್ಲಿರಲಿ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವ ಕೆಲವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರಗಳು ಹರಡಿದಂತೆ ಕಾಣುತ್ತವೆ. ಹಿನ್ನೆಲೆಯೇ ಇಲ್ಲದ ಕಪ್ಪು ರೇಖಾಚಿತ್ರಗಳು ಆ ಕತ್ತಲೆಯಲ್ಲಿ ಪೂರ್ತಿ ಮಾಯವಾಗುತ್ತವೆ; ಕವಿತೆಗಳ ಜೊತೆಗಿರುವ ಚಿತ್ರಗಳನ್ನು ಒಮ್ಮೆ ಪರಿಶೀಲಿಸಿ.

ಇಷ್ಟನ್ನು ಸರಿಪಡಿಸಿದ ಮೇಲೂ ಉಳಿಯುವ ಅಸಮಾಧಾನದಲ್ಲಿ ಒಂದು ಪಾಲು ರೂಢಿ ತಪ್ಪಿದ್ದರಿಂದ ಬಂದದ್ದು. ಅದಕ್ಕೆ ಕೆಲವು ವಾರಗಳ ಕಾಲಾವಕಾಶ ಕೊಡಿ, ಹಾಗೆಂದು ಹಿರಿಯ ಓದುಗರಿಗೆ ‘ರೂಢಿಯಾಗುತ್ತದೆ ಬಿಡಿ’ ಎಂದು ಉತ್ತರಿಸಬೇಡಿ. ವರ್ಷಗಳಿಂದ ನಿಮ್ಮನ್ನು ಓದಿಕೊಂಡು ಬಂದವರು ಅವರು.

ಉತ್ತರ (ಶ್ರೀರಂಗಪಟ್ಟಣದಿಂದ, ಪರದೆ ಓದುವ ತಂತ್ರಾಂಶ ಬಳಸುವ ಓದುಗರು):

ಮೇಲಿನ ಮಾತುಗಳೆಲ್ಲ ಕಣ್ಣಿನಿಂದ ಓದುವವರ ಕುರಿತಾಗಿವೆ. ನಾನು ಕಿವಿಯಿಂದ ಓದುತ್ತೇನೆ. ಥೀಮು ಬದಲಾದಾಗ ಪುಟದ ಭಾಷೆ ಕನ್ನಡ ಎಂದು ಸೂಚಿಸುವ ‘ಕೆಎನ್’ ಗುರುತು ಕೆಲವೊಮ್ಮೆ ಇಂಗ್ಲಿಷಿಗೆ ಬದಲಾಗಿಬಿಡುತ್ತದೆ. ಆಗ ತಂತ್ರಾಂಶವು ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೊರಟು, ಕನ್ನಡದ ಪದಗಳು ತಪ್ಪಾಗಿಯೋ ಬಿಟ್ಟುಹೋಗಿಯೋ ಕೇಳಿಸುತ್ತವೆ. ಮೂರು ಗೆರೆಗಳ ಮೆನು ಚಿಹ್ನೆಗೆ ಹೆಸರು ಕೊಡದಿದ್ದರೆ ನನಗೆ ‘ಬಟನ್’ ಎಂದಷ್ಟೇ ಕೇಳಿಸುತ್ತದೆ, ಅದು ಏನು ತೆರೆಯುತ್ತದೆಂದು ತಿಳಿಯುವುದಿಲ್ಲ. ಲೇಖನದ ಉಪಶೀರ್ಷಿಕೆಗಳನ್ನು ಬರೀ ದಪ್ಪಕ್ಷರವಾಗಿಸದೆ ಶೀರ್ಷಿಕೆಗಳೆಂದೇ ಗುರುತಿಸಿದರೆ ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು. ಚಿತ್ರಗಳಿಗೆ ಎರಡು ಸಾಲಿನ ವಿವರಣೆಯನ್ನೂ ಕನ್ನಡದಲ್ಲಿಯೇ ಬರೆಯಿರಿ. ಬದಲಾವಣೆ ಮುಗಿದ ಮೇಲೆ ತಿಳಿಸಿದರೆ ಒಂದು ಸಂಚಿಕೆಯನ್ನು ಪೂರ್ತಿ ಕೇಳಿ, ಎಲ್ಲೆಲ್ಲಿ ತಡೆಯುತ್ತದೆ ಎಂದು ಬರೆದು ಕಳುಹಿಸುತ್ತೇನೆ.