ಮಾಲ್ ಹಿಂದಿನ ಬೀದಿಯವರು ದಯವಿಟ್ಟು ಓದಿ

ಹೊಲಿಗೆ ಅಂಗಡಿ, ಎರಡನೇ ಅಡ್ಡರಸ್ತೆ (ಬೆಳಿಗ್ಗೆ 5.40)
ನಿನ್ನೆ ರಾತ್ರಿ ನಮ್ಮ ಅತ್ತೆಯವರಿಗೆ ಉಬ್ಬಸ ಹೆಚ್ಚಾದಾಗ ಆಟೋ ಕರೆಸಿದೆವು; ಆದರೆ ಕೊನೆಯ ಆಟದ ಸಿನಿಮಾಕ್ಕೆ ಬಂದವರು ಮಾಲ್‌ನ ಪಾರ್ಕಿಂಗ್ ಶುಲ್ಕ ಉಳಿಸಲು ಬೀದಿಯ ಎರಡೂ ಬದಿಗೆ ಕಾರು ನಿಲ್ಲಿಸಿದ್ದರಿಂದ ಆಟೋ ತಿರುವಿನಲ್ಲೇ ನಿಂತಿತು. ಅತ್ತೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೂವರು ಹೊತ್ತು ನಡೆದೆವು. ಅವರು ಚೇತರಿಸಿಕೊಂಡಿದ್ದಾರೆ, ನನ್ನ ಸಿಟ್ಟು ಇಳಿದಿಲ್ಲ. ಮಾಲ್ ಇರುವ ಜಾಗದಲ್ಲಿ ಹತ್ತಿ ಮಿಲ್ಲು ಇದ್ದಾಗ ಇದೇ ಅತ್ತೆ ಸೈರನ್ ಕೂಗುವ ಮೊದಲೇ ಗೇಟಿನ ಮುಂದೆ ನಿಲ್ಲುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಬಿಸಿಲಿಗೆ ತಲೆ ಸುತ್ತಿ ಅದೇ ಜಾಗದ ಮೆಟ್ಟಿಲ ಮೇಲೆ ಕುಳಿತರೆ, ಕಾವಲಿನವನು ‘ಇಲ್ಲಿ ನಿಮಗೇನು ಕೆಲಸ’ ಎಂದು ಎಬ್ಬಿಸಿದನು.

ಮನೆ ಸಂಖ್ಯೆ 14 (6.05)
ತಾಯಿಯವರು ಗುಣಮುಖರಾಗಲಿ. ಆದರೆ ಅಕ್ಕಾ, ನಿಮ್ಮ ಅಂಗಡಿಯ ಕಟ್ಟೆಯೂ ರಸ್ತೆಗೆ ಎರಡು ಅಡಿ ಬಂದಿದೆ ಎಂಬುದನ್ನು ನಾನು ಹಿಂದೆಯೇ ಬರೆದಿದ್ದೆ. ಮಾಲ್ ಬಂದ ಮೇಲೆ ನಮ್ಮ ನಿವೇಶನಗಳಿಗೆ ಬೆಲೆ ಬಂದಿದೆ.

ಮಹಡಿ ಮನೆಯ ಬಾಡಿಗೆದಾರ (6.12)
ಬೆಲೆ ಬಂದದ್ದು ನಿವೇಶನ ಇದ್ದವರಿಗೆ ಸರ್. ನಮಗೆ ಬಂದದ್ದು ಮನೆ ಖಾಲಿ ಮಾಡಿ ಎಂಬ ಮಾತು.

ಮನೆ ಸಂಖ್ಯೆ 14 (6.14)
ಮಿಲ್ಲುಗಳು ಮುಚ್ಚಿದ್ದಕ್ಕೆ ಕಾರಣ ಯಾರೆಂದು ಮೊದಲು ಚರ್ಚಿಸೋಣ. ಪ್ರತಿ ತಿಂಗಳೂ ಮುಷ್ಕರ ಹೂಡಿದರೆ ಯಾವ ಮಾಲೀಕ ಉಳಿದಾನು?

ನಿವೃತ್ತ ಮೇಷ್ಟ್ರು (6.31)
ಹಳೆಯ ಯಂತ್ರಗಳನ್ನು ಬದಲಿಸದೆ ಬಿಟ್ಟವರು ಕಾರ್ಮಿಕರಲ್ಲ ಸ್ವಾಮಿ. ಅದಿರಲಿ; ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ಪಡೆದ ಊರಿನಲ್ಲಿ ಮಿಲ್ಲಿನವರ ಮಕ್ಕಳು ಮಿಲ್ಲಿನ ನೆಲಕ್ಕೇ ಹೊರಗಿನವರಾದದ್ದು ಇಂದಿನ ವಿಷಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬೆಲ್ ದಾಟಬಾರದೆಂದು 2000ದ ನಿಯಮವಿದೆ. ಕಾರುಗಳ ಬಗ್ಗೆ ಪಾಲಿಕೆಗೆ ಅರ್ಜಿ ಕೊಡುವಾಗ ಮಾಲ್‌ನ ಜನರೇಟರಿನ ಸದ್ದಿನ ಬಗ್ಗೆಯೂ ಬರೆಯೋಣ.

ಮಿರ್ಚಿ ಗಾಡಿಯವರು (7.02)
ನನ್ನದೂ ಸೇರಿಸಿ ಮೇಷ್ಟ್ರೇ. ಹದಿನೆಂಟು ವರ್ಷ ಮಂಡಕ್ಕಿ ಮಿರ್ಚಿ ಮಾರಿದ ಜಾಗದಿಂದ, ಮುಂಬಾಗಿಲಿನ ಅಂದ ಕೆಡುತ್ತದೆ ಎಂದು ಒಂದೇ ಸಂಜೆಯಲ್ಲಿ ಗಾಡಿ ತಳ್ಳಿಸಿದರು. ಮಾಲ್‌ಗೆ ಹೋಗುವವರು ಈಗಿನ ಜಾಗಕ್ಕೆ ನಡೆದು ಬರುವುದಿಲ್ಲ.

ನಿವೃತ್ತ ಮೇಷ್ಟ್ರು (7.10)
2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಎತ್ತಂಗಡಿಗೆ 30 ದಿನಗಳ ನೋಟಿಸ್ ಕೊಡಬೇಕು. ಬೀದಿ ವ್ಯಾಪಾರದ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ನಿಮ್ಮ ಬಳಿ ಬೀದಿ ವ್ಯಾಪಾರಿಯ ಗುರುತಿನ ಚೀಟಿ ಇದೆಯೇ?

ಮಿರ್ಚಿ ಗಾಡಿಯವರು (7.11)
ಚೀಟಿಗೆ ಅರ್ಜಿ ಕೊಟ್ಟ ರಸೀದಿ ಇದೆ.

ಮನೆ ಸಂಖ್ಯೆ 22 (7.15)
ಅಲ್ಲಿ ಒಂದು ಡಬ್ಬಿ ಪಾಪ್‌ಕಾರ್ನಿಗೆ ಕೊಡುವ ಹಣದಲ್ಲಿ ನಮ್ಮ ಇಡೀ ಮನೆ ಮಂಡಕ್ಕಿ ಮಿರ್ಚಿ ತಿಂದು, ಮೇಲೆ ಚಹಾ ಕುಡಿದು ಬರಬಹುದು. 😄

ಮನೆ ಸಂಖ್ಯೆ 9 (7.16)
*ಬಂದದ್ದನ್ನು ಹಾಗೆಯೇ ಕಳುಹಿಸಿದ್ದೇನೆ:* ಬರಿಹೊಟ್ಟೆಯಲ್ಲಿ ಮೆಂತ್ಯದ ನೀರು ಕುಡಿಯುವವರು ತಪ್ಪದೆ ಓದಿ, ಹತ್ತು ಜನರಿಗೆ ಕಳುಹಿಸಿ.

ಮೂರನೇ ಅಡ್ಡರಸ್ತೆಯ ತಮ್ಮ (7.24)
ನನ್ನ ಅಕ್ಕ ಅಲ್ಲಿನ ಬಟ್ಟೆ ಅಂಗಡಿಯ ಬಿಲ್ ಕೌಂಟರಿನಲ್ಲಿದ್ದಾಳೆ. ದಿನವಿಡೀ ನಿಂತೇ ದುಡಿಯುತ್ತಾಳೆ, ಹಿಂಬಾಗಿಲಿನಿಂದ ಹೋಗಿ ಬರುತ್ತಾಳೆ, ತಾನು ಮಡಚಿಡುವ ಸೀರೆಯನ್ನು ಕೊಳ್ಳಲಾರಳು. ಆದರೂ ನಮ್ಮ ಮನೆ ನಡೆಯುವುದು ಆ ಸಂಬಳದಿಂದ. ಅರ್ಜಿಯಲ್ಲಿ ಮಾಲ್ ಬೇಡ ಎಂದು ಬರೆಯಬೇಡಿ. ಕಾರು, ಸದ್ದು, ಗಾಡಿ, ಇಷ್ಟನ್ನೇ ಬರೆಯಿರಿ.

ಹೊಲಿಗೆ ಅಂಗಡಿ (7.30)
ಹಾಗೆಯೇ ಬರೆಯುತ್ತೇನೆ ತಮ್ಮಾ. ಭಾನುವಾರ ಹತ್ತು ಗಂಟೆಗೆ ಗಣಪತಿ ಗುಡಿಯ ಕಟ್ಟೆಯಲ್ಲಿ ಸೇರಿ ಸಹಿ ಹಾಕಿ, ಸೋಮವಾರ ಪಾಲಿಕೆಗೆ ಹೋಗೋಣ.

ಮನೆ ಸಂಖ್ಯೆ 14 (7.33)
ನನ್ನನ್ನು ಕೇಳದೆ ಸಭೆ ಕರೆದವರು ಯಾರು? ಸಹಿ ಹಾಕುವ ಮುನ್ನ ಕರಡು ನನಗೆ ತೋರಿಸಿ. ಅಂದ ಹಾಗೆ, ನಾಲ್ಕು ದಿನಗಳಿಂದ ನಮ್ಮ ಸಾಲಿಗೆ ನೀರು ಬಿಟ್ಟಿಲ್ಲ. ಸೋಮವಾರ ಹೋಗುವುದಾದರೆ ಮೊದಲು ಅದನ್ನು ಹೇಳೋಣ.

ಮನೆ ಸಂಖ್ಯೆ 22 (7.34)
ಹೌದು, ನೀರು ಮೊದಲು.

ಮನೆ ಸಂಖ್ಯೆ 9 (7.34)
ನಮಗೂ ಬಂದಿಲ್ಲ. ವಾಲ್ವ್ ತಿರುಗಿಸುವವರ ನಂಬರು ಯಾರ ಬಳಿ ಇದೆ?

ಹೊಲಿಗೆ ಅಂಗಡಿ (ರಾತ್ರಿ 9.50)
ಅರ್ಜಿಗೆ ಇದುವರೆಗೆ ಆರು ಸಹಿಗಳಾಗಿವೆ. ಹಾಳೆ ಅಂಗಡಿಯಲ್ಲಿದೆ. ಈಗಲೂ ತಿರುವಿನಲ್ಲಿ ನಾಲ್ಕು ಕಾರುಗಳು ನಿಂತಿವೆ.

ಮನೆ ಸಂಖ್ಯೆ 14 (9.52)
ನಲ್ಲಿಯಲ್ಲಿ ನೀರು ಬಂತು. ಯಾರೂ ಮೋಟಾರು ಹಚ್ಚಬೇಡಿ.