ಮನೆಯಲ್ಲಿ ಕಟ್ಟಿದ ಅನಲಾಗ್ ಸಿಂಥಸೈಜರ್‌ಗೆ ಕೀಬೋರ್ಡ್ ಹೊಂದಿಸುವುದು ಹೇಗೆ?

ಟಿಳಕವಾಡಿ_ತರಂಗ (ಬೆಳಗಾವಿ):

ಎಲ್ಲರಿಗೂ ನಮಸ್ಕಾರ. ಬಿಡುವು ಸಿಕ್ಕಾಗಲೆಲ್ಲ ಕುಳಿತು ಒಂದು ಅನಲಾಗ್ ಸಿಂಥಸೈಜರ್ ಕಟ್ಟುತ್ತಿದ್ದೇನೆ. ಎಎಸ್ 3340 ಐಸಿ ಬಳಸಿದ ಎರಡು ಆಸಿಲೇಟರ್ (ವೋಲ್ಟೇಜಿಗೆ ತಕ್ಕಂತೆ ಸ್ವರ ಹುಟ್ಟಿಸುವ ಸರ್ಕೀಟು), ಒಂದು ಲೋ-ಪಾಸ್ ಫಿಲ್ಟರ್, ಒಂದು ಎನ್ವಲಪ್ ಜನರೇಟರ್ ಮತ್ತು 12 ವೋಲ್ಟಿನ ಪ್ಲಸ್-ಮೈನಸ್ ಪವರ್ ಸಪ್ಲೈ ಸಿದ್ಧವಾಗಿ, ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ಬಗ್ಗಿಸಿಕೊಂಡು ಬಂದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕುಳಿತಿವೆ. ಸದ್ಯಕ್ಕೆ ಒಂದು ಪೊಟೆನ್ಶಿಯೊಮೀಟರ್ ತಿರುಗಿಸಿ ಸ್ವರ ಬದಲಿಸುತ್ತಿದ್ದೇನೆ, ಆದರೆ ಹಾಗೆ ರಾಗ ನುಡಿಸಲಾಗುವುದಿಲ್ಲ.

ಆಸಿಲೇಟರ್‌ಗಳು ಸಪ್ತಕಕ್ಕೆ ಒಂದು ವೋಲ್ಟ್ ಎಂಬ ರೂಢಿಯ ಅಳತೆಗೆ ಹೊಂದಿವೆ. ಸಪ್ತಕಕ್ಕೆ ಹನ್ನೆರಡು ಕೀ, ಅಂದರೆ ಒಂದು ಕೀಯಿಂದ ಮುಂದಿನ ಕೀಗೆ 83.3 ಮಿಲಿವೋಲ್ಟ್ ಏರಬೇಕು. ನನ್ನ ಮುಂದೆ ಮೂರು ದಾರಿಗಳಿವೆ. ಗುಜರಿ ಅಂಗಡಿಯಲ್ಲಿ ಸದ್ದು ಸತ್ತ 49 ಕೀಗಳ ಒಂದು ಎಲೆಕ್ಟ್ರಾನಿಕ್ ಕೀಬೋರ್ಡ್ ಕಡಿಮೆ ಬೆಲೆಗೆ ಸಿಗುತ್ತಿದೆ. ಮನೆಯಲ್ಲಿ ಅಜ್ಜನ ಕಾಲದ ಪೇಟಿಯೊಂದು (ಹಾರ್ಮೋನಿಯಂ) ತಿದಿ ಹರಿದು ಮೂಲೆಯಲ್ಲಿದೆ, ಅದರ ಕೀಗಳಿಗೆ ಸ್ವಿಚ್ಚು ಕೂರಿಸಬಹುದೇ ಎಂಬ ಯೋಚನೆ ಇದೆ. ಇವೆರಡೂ ಆಗದಿದ್ದರೆ ಒತ್ತಿದ ಕೀಯ ಸಂದೇಶವನ್ನು ಡಿಜಿಟಲ್ ಆಗಿ ಕಳಿಸುವ ಹೊಸ ಮಿಡಿ ಕೀಬೋರ್ಡ್ ಕೊಳ್ಳಬೇಕು. ಸ್ವರ ಸ್ಥಿರವಾಗಿ ನಿಲ್ಲುವುದೇ ನನಗೆ ಎಲ್ಲಕ್ಕಿಂತ ಮುಖ್ಯ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ನವನಗರ_ಬೆಸುಗೆ (ಬಾಗಲಕೋಟೆ):

ನಿಮ್ಮ ಪ್ರಶ್ನೆಯಲ್ಲಿ ಎರಡು ಕೆಲಸಗಳು ಬೆರೆತಿವೆ: ಬೆರಳಿಗೆ ಸಿಗುವ ಕೀ ಒಂದು, ಆಸಿಲೇಟರ್‌ಗೆ ತಲುಪುವ ವೋಲ್ಟೇಜ್ ಇನ್ನೊಂದು. ಎರಡನ್ನೂ ಬೇರೆ ಮಾಡಿ ನೋಡಿದರೆ ಗುಜರಿಯ ಕೀಬೋರ್ಡೇ ನಿಮಗೆ ಸರಿಯಾದ ಆಯ್ಕೆ. ಅದರ ಸದ್ದಿನ ಬೋರ್ಡ್ ಸುಟ್ಟಿದ್ದರೂ ಕೀ, ಸ್ಪ್ರಿಂಗ್ ಮತ್ತು ರಬ್ಬರ್ ಕಾಂಟ್ಯಾಕ್ಟುಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಕೊಳ್ಳುವ ಮೊದಲು ಒಂದು ಸಪ್ತಕದ ಅಗಲ ಅಳೆಯಿರಿ. ಅದು ಸುಮಾರು 165 ಮಿಲಿಮೀಟರ್ ಇದ್ದರೆ ಪೂರ್ಣ ಅಳತೆಯ ಕೀಗಳು. ಅದಕ್ಕಿಂತ ತೀರ ಕಡಿಮೆಯಿದ್ದರೆ ಮಕ್ಕಳ ಕೀಬೋರ್ಡ್ ಎಂದು ತಿಳಿದು ಬಿಟ್ಟುಬಿಡಿ.

ಒಳಗೆ ಪ್ರತಿ ಕೀಗೂ ಪ್ರತ್ಯೇಕ ತಂತಿ ಇರುವುದಿಲ್ಲ. ಅಡ್ಡ ಮತ್ತು ಉದ್ದ ಸಾಲುಗಳು ಸಂಧಿಸುವ ಒಂದು ಮ್ಯಾಟ್ರಿಕ್ಸ್ ಇದ್ದು, ಅದು ರಿಬ್ಬನ್ ಕೇಬಲ್ ಮೂಲಕ ಹೊರಬರುತ್ತದೆ. ಯಾವ ಕೀ ಯಾವ ಎರಡು ತಂತಿಗಳಿಗೆ ಸೇರಿದೆ ಎಂಬುದನ್ನು ಮಲ್ಟಿಮೀಟರಿನಿಂದ ಹುಡುಕಿ ಪಟ್ಟಿ ಮಾಡಬೇಕು. ಇಲ್ಲಿ ಅನೇಕರು ಬೀಪ್ ಮೋಡ್ ಇಟ್ಟುಕೊಂಡು, ಏನೂ ಕೇಳಿಸದೆ ಬೋರ್ಡೇ ಹಾಳಾಗಿದೆ ಎಂದು ಕೈಬಿಡುತ್ತಾರೆ. ಕೀ ಕೀಗೂ ಒಂದು ಡಯೋಡ್ ಇರುತ್ತದೆ, ಮೇಲಾಗಿ ರಬ್ಬರಿನಡಿಯ ಇಂಗಾಲದ ಗುಂಡಿಗೆ ತನ್ನದೇ ಆದ ನೂರಾರು ಓಮ್ ರೋಧವಿರಬಹುದು, ಆದ್ದರಿಂದ ಬೀಪ್ ಬರುವುದಿಲ್ಲ. ಡಯೋಡ್ ಮೋಡ್‌ಗೆ ಹಾಕಿ, ಕೀ ಒತ್ತಿ ಹಿಡಿದು, ಪ್ರೋಬುಗಳನ್ನು ಅದಲುಬದಲು ಮಾಡಿ ನೋಡಿ. ಸಾಮಾನ್ಯ 0.6ರ ಬದಲು 0.8 ಅಥವಾ 0.9 ತೋರಿಸಿದರೂ ಸಂಪರ್ಕ ಸರಿಯಾಗಿದೆ ಎಂದೇ ಅರ್ಥ. ಕೀ ಒತ್ತುವ ವೇಗಕ್ಕೆ ಸ್ಪಂದಿಸುವ ಕೀಬೋರ್ಡ್ ಆಗಿದ್ದರೆ ಪ್ರತಿ ಕೀಗೆ ಎರಡು ಕಾಂಟ್ಯಾಕ್ಟ್ ಕಾಣುತ್ತವೆ, ನಿಮಗೆ ಒಂದೇ ಸಾಕು. ಕೆಲಸ ಮಾಡದ ಕೀಗಳಿದ್ದರೆ ಗುಂಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಿಂದ ಒರೆಸಿ, ಮರಳು ಕಾಗದವನ್ನು ಮಾತ್ರ ಮುಟ್ಟಿಸಬೇಡಿ.

ಆಮೇಲೆ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಪ್ರೋಗ್ರಾಮ್ ಮಾಡಬಹುದಾದ ಬೋರ್ಡ್ ಈ ಮ್ಯಾಟ್ರಿಕ್ಸನ್ನು ಓದಲಿ, ಎಂಸಿಪಿ 4822 ಎಂಬ 12 ಬಿಟ್‌ನ ಡಿಎಸಿ (ಅಂಕಿಯನ್ನು ವೋಲ್ಟೇಜಿಗೆ ತಿರುಗಿಸುವ ಐಸಿ) ವೋಲ್ಟೇಜ್ ಕೊಡಲಿ. ಅದರ ಒಳಗೇ 2.048 ವೋಲ್ಟಿನ ರೆಫರೆನ್ಸ್ ಇದ್ದು, ಗೇನ್ ಎರಡಕ್ಕೆ ಇಟ್ಟರೆ ಒಂದು ಹೆಜ್ಜೆಗೆ ಒಂದು ಮಿಲಿವೋಲ್ಟ್ ಬರುತ್ತದೆ. 49 ಕೀಗಳಿಗೆ ಬೇಕಾಗುವುದು ನಾಲ್ಕು ವೋಲ್ಟ್, ಅದು ಕೊಡಬಲ್ಲದ್ದು 4.095. ಹೀಗಾಗಿ ನಡುವೆ ಇನ್ನೊಂದು ಆಂಪ್ಲಿಫೈಯರ್ ಬೇಕಾಗುವುದಿಲ್ಲ. ಪೂರ್ಣಾಂಕಕ್ಕೆ ಹೊಂದಿಸುವುದರಿಂದ ಬರುವ ತಪ್ಪು ಅರ್ಧ ಮಿಲಿವೋಲ್ಟಿನೊಳಗೆ, ಅಂದರೆ ಒಂದು ಸೆಂಟ್‌ಗಿಂತ (ಅಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಪಾಲು) ಕಡಿಮೆ ಇರುತ್ತದೆ. ಒಟ್ಟು ಅಳತೆಯ ಸಣ್ಣ ವ್ಯತ್ಯಾಸವನ್ನು ಆಸಿಲೇಟರಿನ ಸ್ಕೇಲ್ ಟ್ರಿಮ್ಮರಿನಿಂದ ಸರಿಪಡಿಸಬಹುದು. ಸುಲಭವಾಗಿ ಸಿಗುತ್ತದೆ ಎಂದು ಎಂಸಿಪಿ 4725 ತರಬೇಡಿ. ಅದು ತನ್ನ ಪವರ್ ಸಪ್ಲೈಯನ್ನೇ ರೆಫರೆನ್ಸ್ ಮಾಡಿಕೊಳ್ಳುವುದರಿಂದ, ಯುಎಸ್‌ಬಿಯ ಐದು ವೋಲ್ಟ್ ಅಲುಗಾಡಿದಂತೆಲ್ಲ ಸ್ವರವೂ ಅಲುಗಾಡುತ್ತದೆ.

ಖಡೇಬಜಾರ್_ಟ್ರಾನ್ಸಿಸ್ಟರ್ (ಬೆಳಗಾವಿ):

ಬಾಗಲಕೋಟೆಯವರು ಹೇಳಿದ್ದು ನಿಜ, ಆದರೆ ಇಡೀ ಯಂತ್ರವನ್ನು ಅನಲಾಗ್ ಆಗಿ ಕಟ್ಟಿದವರಿಗೆ ಹಳೆಯ ರೆಸಿಸ್ಟರ್ ಏಣಿಯ ಪರಿಚಯವೂ ಇರಬೇಕೆಂದು ನನ್ನ ಅಭಿಪ್ರಾಯ. 37 ಕೀಗಳ ನಡುವೆ 100 ಓಮ್‌ನ 36 ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿ, 0.833 ಮಿಲಿಆಂಪ್‌ನ ಸ್ಥಿರ ಕರೆಂಟ್ ಹರಿಸಿದರೆ, ಪ್ರತಿ ರೆಸಿಸ್ಟರ್ ಮೇಲೆ ನಿಮಗೆ ಬೇಕಾದ 83.3 ಮಿಲಿವೋಲ್ಟ್ ತಾನಾಗಿ ನಿಲ್ಲುತ್ತದೆ. ಎರಡು ಕೀ ಒಟ್ಟಿಗೆ ಒತ್ತಿದಾಗ ನಡುವಿನ ಭಾಗ ಶಾರ್ಟ್ ಆಗಿ ಕೆಳಗಿನ ಸ್ವರವೇ ನುಡಿಯುತ್ತದೆ. 1970ರಲ್ಲಿ ಬಂದ ಮಿನಿಮೂಗ್‌ನಲ್ಲಿಯೂ ಕೆಳಸ್ವರಕ್ಕೇ ಆದ್ಯತೆ ಇತ್ತು, ಅದರ ನುಡಿಸಾಣಿಕೆಯ ಶೈಲಿಯಲ್ಲಿ ಇದಕ್ಕೂ ಒಂದು ಪಾಲಿದೆ.

ಆದರೆ ಈ ಏಣಿಗೆ ರಬ್ಬರ್ ಕಾಂಟ್ಯಾಕ್ಟ್ ಒಗ್ಗುವುದಿಲ್ಲ. ಒಂದೇ ಕೀ ಒತ್ತಿದಾಗ ತೊಂದರೆ ಕಾಣುವುದಿಲ್ಲ. ಎರಡು ಒತ್ತಿದ ಕೂಡಲೇ ಇಂಗಾಲದ ರೋಧ ನಡುವೆ ಬಂದು, ಶಾರ್ಟ್ ಪೂರ್ತಿಯಾಗದೆ ಸ್ವರ ಎಲ್ಲೋ ನಡುವೆ ನಿಲ್ಲುತ್ತದೆ. ಇದಕ್ಕೆ ಲೋಹದ ತಂತಿಯೇ ಬೇಕು.

ಇನ್ನೊಂದು ಮಾತು, ಇದು ನಮ್ಮ ಬೆಳಗಾವಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಕೀ ಬಿಟ್ಟ ಮೇಲೂ ಸ್ವರ ಬದಲಾಗದೆ ಉಳಿಯಬೇಕಾದರೆ ಆ ವೋಲ್ಟೇಜನ್ನು ಒಂದು ಕೆಪಾಸಿಟರ್ ಹಿಡಿದಿಟ್ಟುಕೊಳ್ಳಬೇಕು. 0.1 ಮೈಕ್ರೊಫ್ಯಾರಡ್ ಕೆಪಾಸಿಟರಿನಿಂದ ಬರೀ 100 ಪಿಕೊಆಂಪ್ ಸೋರಿದರೂ ಸೆಕೆಂಡಿಗೆ ಒಂದು ಮಿಲಿವೋಲ್ಟ್ ಇಳಿಯುತ್ತದೆ. ಜುಲೈ ತಿಂಗಳ ತೇವದಲ್ಲಿ, ಫ್ಲಕ್ಸ್ ಅಂಟಿಕೊಂಡ ಬೋರ್ಡಿನ ಮೇಲೆ, ಅದರ ಹತ್ತುಪಟ್ಟು ಸೋರುವುದೂ ಉಂಟು. ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ, ಬೋರ್ಡ್ ಚೆನ್ನಾಗಿ ತೊಳೆದು ವಾರ್ನಿಷ್ ಬಳಿಯುವಷ್ಟು ತಾಳ್ಮೆ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ.

ಪೇಟಿ_ಮಾಸ್ತರ (ವಿಜಯಪುರ):

ತಮ್ಮಾ, ಅಜ್ಜನವರ ಪೇಟಿಗೆ ಕೈ ಹಚ್ಚುವ ಮೊದಲು ಅದನ್ನು ತಿಳಿದವರಿಗೆ ಒಮ್ಮೆ ತೋರಿಸು. ಆ ಕಾಲದ ಪೇಟಿಗಳಲ್ಲಿ ಜರ್ಮನ್ ರೀಡುಗಳು ಇರುವ ಸಾಧ್ಯತೆ ಉಂಟು, ಅಂಥ ರೀಡು ಈಗ ಹುಡುಕಿದರೂ ಸಿಗುವುದು ಕಷ್ಟ. ತಿದಿ ಹರಿದಿದ್ದರೆ ಹೊಸದು ಹಾಕಿಸಬಹುದು, ಅದು ದೊಡ್ಡ ಕೆಲಸವಲ್ಲ. ಹಲಗೆಯೇ ಸೀಳಿ, ರೀಡು ತುಕ್ಕು ಹಿಡಿದು, ಯಾವ ರೀತಿಯಿಂದಲೂ ಉಳಿಯದ ಪೇಟಿಯಾಗಿದ್ದರೆ ಮಾತ್ರ ಕೀಗಳನ್ನು ಬಳಸು. ಆಗಲೂ ಕೀಯ ಹಿಂಬದಿಯ ಸ್ಪ್ರಿಂಗಿಗೆ ಸ್ವಿಚ್ಚಿನ ಭಾರ ಹೇರದೆ, ಕೀಯ ಅಡಿಯಲ್ಲಿ ಸಿತಾರದ ಖರಜಕ್ಕೆ ಹಾಕುವ ಕಂಚಿನ ತಂತಿಯನ್ನು ಕಾಂಟ್ಯಾಕ್ಟ್ ಆಗಿ ಕೂರಿಸು. ಅದು ಉಕ್ಕಿನ ತಂತಿಯಂತೆ ತುಕ್ಕು ಹಿಡಿಯುವುದಿಲ್ಲ.

ನನಗೆ ಸರ್ಕೀಟಿನ ಜ್ಞಾನ ಕಡಿಮೆ, ಆದರೆ ಸ್ವರದ ವಿಷಯದಲ್ಲಿ ಒಂದು ವಿನಂತಿ ಇದೆ. ಪೇಟಿಯ ಶುದ್ಧ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಏರಿರುತ್ತದೆ ಎಂಬ ದೂರು ಬಹಳ ಹಳೆಯದು. ಸಮಭಾಗದ ಹಂಚಿಕೆಯಲ್ಲಿ ಗಾಂಧಾರ 400 ಸೆಂಟ್‌ಗೆ ಬೀಳುತ್ತದೆ, ಷಡ್ಜದೊಂದಿಗೆ ಐದಕ್ಕೆ ನಾಲ್ಕರ ಅನುಪಾತದಲ್ಲಿ ಕೂಡುವ ಗಾಂಧಾರ ಇರುವುದು 386ರಲ್ಲಿ. ಹೊಸದಾಗಿ ಕಟ್ಟುತ್ತಿರುವ ವಾದ್ಯದಲ್ಲಿಯೂ ಅದೇ ಕೊರತೆ ಉಳಿಯಬೇಕೇ?

ನವನಗರ_ಬೆಸುಗೆ:

ಮಾಸ್ತರರೇ, ಈ ಮಾತು ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ, ಆದರೆ ಡಿಎಸಿ ಬಳಸಿದರೆ ಅದಕ್ಕೆ ಉತ್ತರ ಸುಲಭ. ಪ್ರತಿ ಕೀಯ ವೋಲ್ಟೇಜ್ ಒಂದು ಕೋಷ್ಟಕದಲ್ಲಿ ಇರುವುದರಿಂದ ಗಾಂಧಾರದ ಸಾಲಿನಲ್ಲಿ 11 ಮಿಲಿವೋಲ್ಟ್ ಕಳೆದರೆ ಸಾಕು. ಒಂದು ರೋಟರಿ ಸ್ವಿಚ್ಚಿನಿಂದ ಷಡ್ಜವನ್ನು ಬಿಳಿ ಒಂದರಿಂದ ಕರಿ ಎರಡಕ್ಕೆ ಸರಿಸಿದರೂ ಗಾಂಧಾರ ಅದರ ಹಿಂದೆಯೇ ಸರಿಯುತ್ತದೆ. ರೆಸಿಸ್ಟರ್ ಏಣಿಯಲ್ಲಿ ಇದು ಆಗದು, ಅಲ್ಲಿ ಒಂದು ಷಡ್ಜಕ್ಕೆ ತಿದ್ದಿದ್ದು ಇನ್ನೊಂದಕ್ಕೆ ಅಪಸ್ವರವಾಗುತ್ತದೆ.

ಟಿಳಕವಾಡಿ_ತರಂಗ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪೇಟಿಯ ತಿದಿ ಹೊಸದಾಗಿ ಹಾಕಿಸುತ್ತೇನೆ, ಗುಜರಿಯ ಕೀಬೋರ್ಡನ್ನು ಟೇಪು ಹಿಡಿದು ಅಳತೆ ನೋಡಿಯೇ ತರುತ್ತೇನೆ. ಒಂದು ಕೊನೆಯ ಪ್ರಶ್ನೆ: ಸ್ವರದಿಂದ ಸ್ವರಕ್ಕೆ ಮೀಂಡಿನಂತೆ ಜಾರಬೇಕಾದರೆ ಅದನ್ನೂ ಪ್ರೋಗ್ರಾಮಿನಲ್ಲಿಯೇ ಮಾಡಬೇಕೇ?

ಖಡೇಬಜಾರ್_ಟ್ರಾನ್ಸಿಸ್ಟರ್:

ಬೇಡ, ಅದನ್ನು ಅನಲಾಗ್ ಆಗಿಯೇ ಮಾಡಿ. ಪ್ರೋಗ್ರಾಮಿನಲ್ಲಿ ಮಾಡಿದರೆ ನಿಧಾನದ ಜಾರಿಕೆಯಲ್ಲಿ ಸಣ್ಣ ಸಣ್ಣ ಮೆಟ್ಟಿಲುಗಳು ಕೇಳಿಸುವ ಸಂಭವವಿದೆ. ಡಿಎಸಿಯಿಂದ ಹೊರಟ ತಂತಿಗೆ ಒಂದು ಮೆಗಾಓಮ್‌ನ ಪಾಟ್, ಅದರ ಇನ್ನೊಂದು ತುದಿಯಿಂದ ಗ್ರೌಂಡಿಗೆ 0.47 ಮೈಕ್ರೊಫ್ಯಾರಡ್‌ನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಿದರೆ, ಪೂರ್ತಿ ತಿರುಗಿಸಿದಾಗ ಸುಮಾರು ಅರ್ಧ ಸೆಕೆಂಡಿನ ಕಾಲಾಂಕ ಸಿಗುತ್ತದೆ. ಅದರ ನಂತರ ಟಿಎಲ್ 072 ಐಸಿಯ ಒಂದು ಬಫರ್ (ವೋಲ್ಟೇಜ್ ಕುಸಿಯದಂತೆ ಮುಂದಕ್ಕೆ ದಾಟಿಸುವ ಸರ್ಕೀಟು) ತಪ್ಪದೆ ಇರಲಿ. ನಿಮ್ಮ ಆಸಿಲೇಟರಿನ ಇನ್‌ಪುಟ್‌ನಲ್ಲಿ ಬಹುಶಃ 100 ಕಿಲೋಓಮ್‌ನ ರೆಸಿಸ್ಟರ್ ಇರುತ್ತದೆ. ಬಫರ್ ಇಲ್ಲದಿದ್ದರೆ ಪಾಟ್ ತಿರುಗಿಸಿದಂತೆ ವೋಲ್ಟೇಜ್ ಕುಸಿದು ಇಡೀ ಕೀಬೋರ್ಡಿನ ಶ್ರುತಿ ಕೆಡುತ್ತದೆ.