ಮುಟ್ಟು ನಿಂತ ಮೇಲೆ ಬರೀ ನಡಿಗೆ ಸಾಕಾ?

ನನಗೆ 51 ವರ್ಷ. ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ದಿನಾ ಅರ್ಧ ಗಂಟೆ ನಡೆಯುತ್ತೇನೆ. ಆದರೂ ಹೊಟ್ಟೆ ಬರುತ್ತಿದೆ, ಮೆಟ್ಟಿಲು ಹತ್ತಿದರೆ ಮಂಡಿ ನೋವು, ರಾತ್ರಿ ಬೆವರಿ ಎಚ್ಚರವಾಗುತ್ತದೆ. ಈ ಹಂತ ದಾಟಿದವರು ಏನು ಮಾಡಿದಿರಿ, ಹೇಳ್ತೀರಾ?

ಉತ್ತರ 1
ನಡಿಗೆ ಬಿಡಬೇಡಿ. ಆದರೆ ಅದೊಂದೇ ಸಾಲದು. ನನಗೀಗ 56. ನಾನೂ ನಾಲ್ಕು ವರ್ಷ ಬರೀ ನಡೆದೆ. ಆಮೇಲೆ ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರೆ ಸೊಂಟದ ಮೂಳೆ ಸವೆದಿತ್ತು. ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಕಡಿಮೆಯಾಗುವ ಈ ಮೊದಲ ಕೆಲವು ವರ್ಷಗಳಲ್ಲೇ ಮೂಳೆ ಬೇಗ ಸವೆಯುವುದು. ಅದು ಗಟ್ಟಿಯಾಗಿರಬೇಕಾದರೆ ಅದರ ಮೇಲೆ ಭಾರ ಬೀಳಬೇಕು. ಈಜು ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅಷ್ಟೇನೂ ಕೆಲಸ ಕೊಡುವುದಿಲ್ಲ.

ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ವಾರಕ್ಕೆ ಎರಡು ದಿನ ಬಲ ಹೆಚ್ಚಿಸುವ ವ್ಯಾಯಾಮ ಶುರು ಮಾಡಿದೆ. ಮೊದಲ ತಿಂಗಳು ಡಂಬೆಲ್ ಮುಟ್ಟಲೇ ಇಲ್ಲ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು, ಗೋಡೆ ತಳ್ಳುವುದು, ಅಷ್ಟೇ. ಆಮೇಲೆ 2 ಕೆಜಿ, ಈಗ 6 ಕೆಜಿ. ತೊಡೆಗೆ ಬಲ ಬಂದ ಹಾಗೆ ಮಂಡಿ ನೋವೂ ಇಳಿಯಿತು. ತೂಕ ಹೆಚ್ಚೇನೂ ಇಳಿದಿಲ್ಲ, ಆದರೆ ಮೆಟ್ಟಿಲಲ್ಲಿ ಕಂಬಿ ಹಿಡಿಯುವುದು ತಪ್ಪಿದೆ. ನನಗೆ ಅದೇ ದೊಡ್ಡದು. ಬೆನ್ನುಮೂಳೆ ಸವೆದಿದ್ದರೆ ಮಾತ್ರ ಪೂರ್ತಿ ಮುಂದಕ್ಕೆ ಬಗ್ಗುವ ವ್ಯಾಯಾಮ ಬೇಡ, ಮೂಳೆ ಮುರಿಯಬಹುದು.

ಉತ್ತರ 2
ವ್ಯಾಯಾಮದಿಂದ ನನಗೆ ನಿದ್ದೆ ಸುಧಾರಿಸಿತು, ಸಿಡುಕು ಕಡಿಮೆಯಾಯಿತು. ಬೆವರುವುದು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಸುಮ್ನೆ ಸಹಿಸಿಕೊಂಡು ಕೂರಬೇಡಿ, ಡಾಕ್ಟರನ್ನು ಕೇಳಿ. ಇನ್ನೊಂದು ಮಾತು: ಮುಟ್ಟು ನಿಂತು ವರ್ಷ ಕಳೆದ ಮೇಲೆ ಸ್ವಲ್ಪ ರಕ್ತ ಕಂಡರೂ ತಡಮಾಡದೆ ತೋರಿಸಿ.

ಉತ್ತರ 3
ಅಕ್ಕ, ನನಗೆ 48, ಮುಟ್ಟು ಏರುಪೇರಾಗುತ್ತಿದೆ. ಕೆಮ್ಮಿದರೆ, ಜಿಗಿದರೆ ಮೂತ್ರ ಜಿನುಗುತ್ತಿತ್ತು. ನಾಚಿಕೆಯಿಂದ ವ್ಯಾಯಾಮವನ್ನೇ ಬಿಟ್ಟಿದ್ದೆ. ಎಷ್ಟು ಜನ ಹೀಗೇ ಬಿಡುತ್ತಾರೋ! ಮೂತ್ರ ತಡೆಯುವಾಗ ಬಿಗಿಯುತ್ತೇವಲ್ಲ, ಆ ಸ್ನಾಯುವನ್ನು ಬಿಗಿದು ಐದು ಎಣಿಸಿ ಸಡಿಲ ಬಿಡಬೇಕು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು. ಮೂತ್ರ ಮಾಡುತ್ತಾ ಅಭ್ಯಾಸ ಮಾಡಬೇಡಿ. ಗುಣ ಕಾಣಲು ಮೂರು ತಿಂಗಳು ಹಿಡಿಯಿತು.

ಪ್ರಶ್ನೆ ಕೇಳಿದವರು
ಜಿನುಗುವ ತೊಂದರೆ ನನಗೂ ಇದೆ, ಬರೆಯಲು ಹಿಂಜರಿದಿದ್ದೆ. ನಾಳೆಯೇ ಕುರ್ಚಿಯಿಂದ ಶುರು ಮಾಡುತ್ತೇನೆ. ಎಷ್ಟು ಸಲ ಏಳಬೇಕು?

ಉತ್ತರ 1
ಎಂಟು ಸಲ ಎದ್ದು ಕೂತು, ಸುಧಾರಿಸಿಕೊಂಡು, ಮತ್ತೆ ಎಂಟು. ಕುರ್ಚಿ ಗೋಡೆಗೆ ಒತ್ತಿರಲಿ, ಜಾರಬಾರದು.